ಪೈಪ್‌ಲೈನ್ ಬೇಡ ಅನ್ನಲಿಲ್ಲ, ಬದುವಿನಗುಂಟ ಹಾಕಿ ಅಂದೆವು

ಕಲಬುರಗಿ ಜಿಲ್ಲೆಯ ಸೇಡಂ–ಚಿಂಚೋಳಿ ನಡುವಿನ ನಮ್ಮೂರಲ್ಲಿ ತೈಲ ಪೈಪ್‌ಲೈನ್ ಹೊಲಗಳನ್ನು ಓರೆಯಾಗಿ ಸೀಳಿಕೊಂಡು ಹೋಗಬೇಕಿತ್ತು. ಈಗ ಅದು ಬಂಡಿದಾರಿ ಪಕ್ಕದ ಬದುವಿನಗುಂಟ ಹೋಗಿದೆ. ನನ್ನ ಬಾವಿ ಉಳಿದಿದೆ. ಪಕ್ಕದ ಹೊಲದ ಹುಣಸೆ ಮರಗಳೂ ಉಳಿದಿವೆ. "ಗೌಡ್ರು ಕಂಪನಿಯವ್ರ ಕೂಡ ಕೈ ಮಿಲಾಯಿಸ್ಯಾರ" ಅಂತ ಹೋಟೆಲ್ ಕಟ್ಟೆ ಮೇಲೆ ನನ್ನ ಬಗ್ಗೆ ಮಾತಾಡಿದವರೇ ಈಗ ನಕಾಶೆ ಹಿಡಿದು ಮನೆಗೆ ಬರುತ್ತಾರೆ. ದಾರಿ ಹೇಗೆ ಬದಲಾಯಿತು ಅಂತ ಎಲ್ಲರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಪೈಪ್‌ಲೈನ್ ಅಧಿಸೂಚನೆ ಬಂದಾಗ ಎಲ್ಲರೂ ಮಾಡುವುದನ್ನೇ ಮಾಡಿದ್ದೆವು. ಡಿಸಿ ಆಫೀಸ್ ಮುಂದೆ ಧರಣಿ, ಮನವಿ, ಪೇಪರ್‌ನಲ್ಲಿ ಫೋಟೊ. ಪೆಂಡಾಲು, ಕ್ರೂಸರ್ ಬಾಡಿಗೆ, ಊಟ ಸೇರಿ 70–80 ಸಾವಿರ ಹೋಯಿತು. ಊರಲ್ಲಿ ಚಂದಾ ಎತ್ತಿದ ದುಡ್ಡು. ರಾಜ್ಯದವರನ್ನು ಕೇಳಿದರೆ ಇದು ಕೇಂದ್ರದ್ದು ಅಂದರು. ಕೇಂದ್ರದವರು ಪತ್ರ ಬರೆಯುತ್ತೇವೆ ಅಂದರು. ಬರೆದರೂ ಬರೆದರು, ಅದರ ಜೆರಾಕ್ಸ್ ನನ್ನ ಹತ್ತಿರ ಇನ್ನೂ ಇದೆ. ಸಿಮೆಂಟ್ ಕಾರ್ಖಾನೆಗಳಿಗೆ ಆಗುವ ಹಾಗೆ ಸಾರ್ವಜನಿಕ ಅಹವಾಲು ಸಭೆ ಆಗುತ್ತದೆ, ಅಲ್ಲಿ ನೋಡಿಕೊಳ್ಳೋಣ ಅಂತ ನಮ್ಮ ಮುಖಂಡರು ಕಾದರು. ಆಗಲಿಲ್ಲ. ಪೈಪ್‌ಲೈನ್ ಅಭಯಾರಣ್ಯದಂಥ ಸೂಕ್ಷ್ಮ ಜಾಗದಲ್ಲಿ ಹಾದರೆ ಮಾತ್ರ ಅಂಥ ಸಭೆಗೆ ಆಧಾರವಾದ 2006ರ ಪರಿಸರ ಅಧಿಸೂಚನೆ ಅನ್ವಯಿಸುತ್ತದೆ. ಚಿಂಚೋಳಿ ಅಭಯಾರಣ್ಯದಿಂದ ಈ ಲೈನ್ ದೂರವೇ ಇತ್ತು.

ನಡೆಯುವುದೆಲ್ಲ 1962ರ ಪೈಪ್‌ಲೈನ್ ಕಾಯ್ದೆಯಲ್ಲಿ. ಗೆಜೆಟ್‌ನಲ್ಲಿ ಅಧಿಸೂಚನೆ ಬಂದ ಮೇಲೆ ತಕರಾರಿಗೆ 21 ದಿನ. ಆಗ ನಾವು ಊರಿಗೆಲ್ಲ ಸೇರಿ ಒಂದೇ ಅರ್ಜಿ, ಕೆಳಗೆ ಸಾಲುಗಟ್ಟಲೆ ಸಹಿ, ಮೇಲೆ "ನಮಗೆ ಪೈಪ್‌ಲೈನ್ ಬೇಡ" ಅಂತ ಕೊಟ್ಟಿದ್ದೆವು. ಉತ್ತರವೂ ಒಂದೇ ಪುಟದಲ್ಲಿ ಬಂತು. ತಿರಸ್ಕರಿಸಲಾಗಿದೆ.

ಆಮೇಲೆ ಅದೃಷ್ಟ ಖುಲಾಯಿಸಿತು. ಅಧಿಸೂಚನೆ ಆಗಿ ಒಂದು ವರ್ಷದೊಳಗೆ ಅಂತಿಮ ಘೋಷಣೆ ಬರದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ನಮ್ಮದು ಹಾಗೇ ಬಿತ್ತು. ಊರಲ್ಲಿ ಇದು ನಮ್ಮ ಸಾಹೇಬ್ರು ಮಾಡಿಸಿದ್ದು ಅಂತ ಪಟಾಕಿ ಹೊಡೆದರು. ನಾನು ಮಾತ್ರ ಮತ್ತೆ ಬರುತ್ತದೆ ಅಂದೆ, ಬಂತು.

ಆ ಮಧ್ಯದ ತಿಂಗಳುಗಳಲ್ಲಿ ನಾನು ತಮಿಳುನಾಡಿನ ಪ್ರಕರಣ ಓದಿದ್ದೆ. ಕೊಯಮತ್ತೂರು, ಈರೋಡ್, ಸೇಲಂ ಸೇರಿ ಏಳು ಜಿಲ್ಲೆಯ ರೈತರು ಗೇಲ್ ಕಂಪನಿಯ ಗ್ಯಾಸ್ ಪೈಪ್‌ಲೈನ್ ವಿರುದ್ಧ ನಿಂತಿದ್ದರು. ಸ್ವತಃ ಜಯಲಲಿತಾ ಸರ್ಕಾರ 2013ರಲ್ಲಿ ಹೊಲ ಬಿಟ್ಟು ಹೆದ್ದಾರಿ ಪಕ್ಕದಲ್ಲಿ ಹಾಕಿ ಅಂತ ಆದೇಶ ಮಾಡಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್‌ನಲ್ಲಿ ಆ ಆದೇಶ ನಿಲ್ಲಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಕಂಪನಿಯೇ ಗೆದ್ದಿತು. ಮುಖ್ಯಮಂತ್ರಿಯೇ ಬೆನ್ನಿಗಿದ್ದರೂ ಹೀಗಾದರೆ ನಮ್ಮ ಪೆಂಡಾಲು ಯಾವ ಲೆಕ್ಕ? ಅಮೆರಿಕದ ಕೀಸ್ಟೋನ್ ಎಕ್ಸ್‌ಎಲ್ ತೈಲ ಪೈಪ್‌ಲೈನಿನ ಕತೆ ಬೇರೆ. 2008ರಲ್ಲಿ ಶುರುವಾದದ್ದು 2021ರಲ್ಲಿ ಅಧ್ಯಕ್ಷರು ಪರವಾನಗಿ ರದ್ದು ಮಾಡಿದ ಮೇಲೆ ನಿಂತಿತು. ಆದರೆ ಅಲ್ಲಿಯೂ ನೆಬ್ರಾಸ್ಕಾ ರೈತರು ಹಿಡಿದದ್ದು ದಾರಿಯನ್ನೇ. 2011ರಲ್ಲಿ ಸ್ಯಾಂಡ್‌ಹಿಲ್ಸ್ ಪ್ರದೇಶ ಬಿಟ್ಟು ಸುತ್ತಿ ಹೋಗಲು ಕಂಪನಿ ಒಪ್ಪಿತು. ನನಗೆ ಬೇಕಾದದ್ದು ಅಷ್ಟೇ.

ಎರಡನೇ ಸಲ ಒಂದೊಂದು ಸರ್ವೆ ನಂಬರಿಗೆ ಒಂದೊಂದು ತಕರಾರು ಹಾಕಿದೆವು. ಯಾವುದರಲ್ಲೂ "ಬೇಡ" ಅಂತ ಇಲ್ಲ. ಇಲ್ಲಿ ಬಾವಿ ಇದೆ, ಇಷ್ಟು ಆಳ, ಇಂಥ ಕಡೆಯಿಂದ ಹೋದರೆ ಅಭ್ಯಂತರ ಇಲ್ಲ, ಜೊತೆಗೆ ನಕಾಶೆ. "ಏ ಕಾಕಾ, ಅವ್ರಿಗಿ ನೀವ್ ದಾರಿ ತೋರಿಸ್ಲತೀರೇನು?" ಅಂತ ನಮ್ಮ ಹುಡುಗರೇ ಕೇಳಿದರು. ಹೌದು, ಅದೇ ಮಾಡಿದ್ದು.

ಹುಡುಗರು ಬರೆದ ಮೊದಲ ನಕಾಶೆ ಪ್ರತಿ ಬದುವಿಗೂ ಮೆಟ್ಟಿಲಿನ ಹಾಗೆ ತಿರುಗುತ್ತಿತ್ತು. ಕಂಪನಿ ಎಂಜಿನಿಯರ್ ನಕ್ಕುಬಿಟ್ಟ. ಸ್ಟೀಲ್ ಪೈಪ್ ಹಾಗೆಲ್ಲ ಬಗ್ಗಲ್ಲ. ಆಮೇಲೆ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ನಡೆದೆವು. ಫೋನ್ ನಾಲ್ಕೈದು ಮೀಟರ್ ಹಿಂದೆ ಮುಂದೆ ತೋರಿಸುತ್ತದೆ, ಅದನ್ನೇ ನಂಬಬೇಡಿ. ಹೊಲದ ಗಡಿಯ ಬಾಂದುಕಲ್ಲಿನಿಂದ ಟೇಪ್ ಹಿಡಿದು ಅಳೆದೆವು. ಎರಡು ಕಿಲೋಮೀಟರಿಗೆ ನಮ್ಮ ದಾರಿ ಹೆಚ್ಚುಕಮ್ಮಿ 90 ಮೀಟರ್ ಜಾಸ್ತಿ ಬಂತು. ಮುಖ್ಯ ಮಾತು, ಹೊಸ ದಾರಿ ಆದಷ್ಟೂ ಅಧಿಸೂಚನೆಯಲ್ಲಿರುವ ಸರ್ವೆ ನಂಬರುಗಳ ಒಳಗೇ ಇರಲಿ. ಹೊಸ ನಂಬರ್ ಸೇರಿದರೆ ಮತ್ತೆ ಗೆಜೆಟ್‌ನಿಂದ ಶುರು, ಅವರು ಒಪ್ಪಲ್ಲ. ಹಳ್ಳ ದಾಟುವ ಜಾಗ ಹೇಗೆ ಆರಿಸಿದೆವು ಅನ್ನುವುದನ್ನು ಇಲ್ಲಿ ಬರೆಯಲ್ಲ. ಪಕ್ಕದ ಊರಿನ ವಿಚಾರಣೆ ಇನ್ನೂ ಬಾಕಿ ಇದೆ.

ತಕರಾರಿನ ವಿಚಾರಣೆಯಲ್ಲಿ ನಾನು ಹಿಡಿದದ್ದು ಅದೇ 1962ರ ಕಾಯ್ದೆಯ 7ನೇ ಕಲಂ. ಅಧಿಸೂಚನೆಗೆ ಮುಂಚೆಯೇ ಮನೆ ಅಥವಾ ಶಾಶ್ವತ ಕಟ್ಟಡ ಇರುವ ಜಾಗದಡಿ ಪೈಪ್ ಹಾಕುವಂತಿಲ್ಲ, ಒಂದು ಮೀಟರಿಗಿಂತ ಕಡಿಮೆ ಆಳದಲ್ಲೂ ಹಾಕುವಂತಿಲ್ಲ. ಕಲ್ಲು ಕಟ್ಟಿದ ಬಾವಿ ಕಟ್ಟಡ ಅಲ್ವಾ ಅಂತ ಕೇಳಿದೆ. ಅಧಿಕಾರಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ನಕಾಶೆ ಇಸಿದುಕೊಂಡು ಎಂಜಿನಿಯರ್ ಕಡೆ ಸರಿಸಿದರು.

ನಮ್ಮ ಮಾವ ಒಬ್ಬರು ಪರಿಹಾರ ಜಾಸ್ತಿ ಸಿಗಲಿ ಅಂತ ಗೆಜೆಟ್ ಆದ ಮೇಲೆ ಲೈನ್ ಮೇಲೆಯೇ ಮಾವಿನ ಸಸಿ ಹಚ್ಚಿದರು. ಸಸಿಗೆ 15 ಸಾವಿರ ಸುರಿದಿರಬೇಕು. ಒಂದು ಪೈಸೆಯೂ ಬರಲಿಲ್ಲ. ಅಧಿಸೂಚನೆಯ ನಂತರ ಮಾಡಿದ ಯಾವುದೂ ಲೆಕ್ಕಕ್ಕಿಲ್ಲ. ಪೈಪ್ ಹಾಕಿದ ಮೇಲೆ ಆ ನೆಲದ ಪಟ್ಟಿಯಲ್ಲಿ ಮರ ಹಚ್ಚುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ.

ಈಗ ದುಡ್ಡಿನ ಮಾತು. ಹೊಲ ನಮ್ಮ ಹೆಸರಲ್ಲೇ ಇರುತ್ತದೆ, ಬಳಕೆಯ ಹಕ್ಕಿಗೆ ಮಾರುಕಟ್ಟೆ ಬೆಲೆಯ ನೂರಕ್ಕೆ 10, ಬೆಳೆ ಮರದ ಹಾನಿ ಬೇರೆ. ಜಗಳ ಇರುವುದು ಮಾರುಕಟ್ಟೆ ಬೆಲೆ ಯಾವುದು ಅನ್ನುವುದರಲ್ಲಿ. ನನ್ನದು ಸುಮಾರು 30 ಗುಂಟೆ ಪಟ್ಟಿಯೊಳಗೆ ಬಂತು. ಅವರು ಎಕರೆಗೆ 2 ಲಕ್ಷ ಹಿಡಿದರು, ಅಂದರೆ ಕೈಗೆ 15 ಸಾವಿರ. ನಮ್ಮಲ್ಲಿ 10 ಲಕ್ಷಕ್ಕೆ ಕಡಿಮೆ ಯಾರೂ ಹೊಲ ಮಾರಲ್ಲ. ಆದರೆ ಸ್ಟಾಂಪ್ ಡ್ಯೂಟಿ ಉಳಿಸಲು ಎಲ್ಲರೂ ಕಡಿಮೆ ಬರೆಸಿರುತ್ತಾರಲ್ಲ! ನೌಕರಿಯಲ್ಲಿರುವವರು ಕೊಂಡ ಹೊಲಗಳ ಖರೀದಿ ಪತ್ರ ಹುಡುಕಿ ತೆಗೆಸಿದೆ. ಅವರು ನಿಜವಾದ ಬೆಲೆಯ ಹತ್ತಿರ ಬರೆಸುತ್ತಾರೆ. ಕೊನೆಗೆ ಐದೂವರೆ ಲಕ್ಷದ ಲೆಕ್ಕಕ್ಕೆ ಬಂದು 40 ಸಾವಿರ ಚಿಲ್ಲರೆ ಸಿಕ್ಕಿತು. ಒಪ್ಪದವರು ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬಹುದು. ಇಬ್ಬರು ಕಲಬುರಗಿಗೆ ಹೋಗಿದ್ದಾರೆ.

ಪೈಪಿಗೆ ಕಾಲುವೆ ತೋಡುವಾಗ ನಾನು ದಿನಾ ಅಲ್ಲೇ ನಿಂತು ಮೇಲಿನ ಎರಿ (ಕಪ್ಪು) ಮಣ್ಣು ಒಂದು ಕಡೆ, ಕೆಳಗಿನ ಗರಸು (ಹರಳು ಮಣ್ಣು) ಇನ್ನೊಂದು ಕಡೆ ಹಾಕಿಸಿದೆ. ಜೆಸಿಬಿ ಹುಡುಗನಿಗೆ ಚಹಾ, ಬೀಡಿ ನನ್ನದೇ. ಮುಚ್ಚುವಾಗ ಗರಸು ಮೊದಲು, ಎರಿ ಮೇಲೆ. ನಂತರ ಗೊಬ್ಬರಕ್ಕೆ ಎರಡು ವಾರ ಕುರಿ ನಿಲ್ಲಿಸಿದೆ, ರಾತ್ರಿಗೆ ಸಾವಿರದ ಹತ್ತಿರ ಬಿತ್ತು. ಈ ಸಲ ಆ ಪಟ್ಟಿಯಲ್ಲಿ ತೊಗರಿ ಉಳಿದ ಹೊಲಕ್ಕಿಂತ ಒಂದು ಗೇಣು ಗಿಡ್ಡ ಇದೆ, ಕಾಯಿ ಹಿಡಿದಿದೆ. ಮಣ್ಣು ಕಲಸಿ ಮುಚ್ಚಿಸಿಕೊಂಡ ಪಕ್ಕದ ಹೊಲದಲ್ಲಿ ಗಿಡ ಮೊಣಕಾಲಿನಷ್ಟು, ಗರಸಿನ ಹರಳು ಮೇಲೆಯೇ ಕಾಣುತ್ತವೆ. ಅವರಿಗೂ ಕುರಿಯವರ ನಂಬರ್ ಕೊಟ್ಟಿದ್ದೇನೆ. ಬೇಸಿಗೆಗೆ ಬರುತ್ತಾರಂತೆ.