ಮೈಟೋಕಾಂಡ್ರಿಯಾದ ಪ್ರೋಟಾನ್ ಪಂಪ್ ತಡೆಯುವುದು, ಅಳೆಯುವುದು ಹೇಗೆ?

ಜೀವಕೋಶದ ಶಕ್ತಿಘಟಕವಾದ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿರುವ ಪಂಪ್‌ಗಳು (ಕಾಂಪ್ಲೆಕ್ಸ್ 1, 3, 4) ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್ ಕಡೆಗೆ ಸಾಗಿಸುತ್ತಾ ಪ್ರೋಟಾನ್‌ಗಳನ್ನು ಹೊರತಳ್ಳುತ್ತವೆ; ಹೀಗೆ ಹುಟ್ಟುವ ಪ್ರೋಟಾನ್ ಒತ್ತಡದಿಂದ ಎಟಿಪಿ ಸಿಂಥೇಸ್ ಎಂಬ ಕಿಣ್ವ ಎಡಿಪಿಯನ್ನು ಎಟಿಪಿಯಾಗಿಸುತ್ತದೆ. ಆಕ್ಸಿಜನ್ ಬಳಕೆ ಇಳಿದರೆ ಒಳಪೊರೆಯ ಪ್ರೋಟಾನ್ ಒತ್ತಡವೂ ಇಳಿಯಿತು ಎಂದು ಬರೆದುಕೊಳ್ಳುವುದು, ತಡೆಕಗಳನ್ನು ಒಂದೊಂದಾಗಿ ಹಾಕಿ ಆಕ್ಸಿಜನ್ ಬಳಕೆ ಅಳೆಯುವ ಈ ಪ್ರಯೋಗದಲ್ಲಿ ಸಾಮಾನ್ಯ ತಪ್ಪು. ರೊಟೆನೋನ್ ಹಾಕಿದರೂ ಬಳಕೆ ಇಳಿಯುತ್ತದೆ, ಆಲಿಗೋಮೈಸಿನ್ ಹಾಕಿದರೂ ಇಳಿಯುತ್ತದೆ. ಮೊದಲನೆಯದು ಪಂಪಿಗೆ ಎಲೆಕ್ಟ್ರಾನ್ ಸಿಗದಂತೆ ಮಾಡುತ್ತದೆ, ಒತ್ತಡ ಕುಸಿಯುತ್ತದೆ. ಎರಡನೆಯದು ಎಟಿಪಿ ಸಿಂಥೇಸ್‌ನ ಪ್ರೋಟಾನ್ ದಾರಿಯನ್ನೇ ಮುಚ್ಚುತ್ತದೆ. ಒತ್ತಡ ಏರಿ, ಅದಕ್ಕೆ ಎದುರಾಗಿ ತಳ್ಳಲಾರದೆ ಪಂಪ್ ನಿಧಾನಿಸುತ್ತದೆ. ಎರಡನ್ನೂ ಬೇರ್ಪಡಿಸುವುದು ರಾಸಾಯನಿಕಗಳನ್ನು ಸೇರಿಸುವ ಕ್ರಮ.

ಆಕ್ಸಿಜನ್ ಅಳೆಯುವ ಕ್ಲಾರ್ಕ್ ಎಲೆಕ್ಟ್ರೋಡ್‌ನ ಚೇಂಬರಿನಲ್ಲಿ 125 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 10 ಹೆಪಿಸ್ (ಪಿಎಚ್ ಕಾಯುವ ಬಫರ್), 5 ಫಾಸ್ಫೇಟ್, 1 ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ವಸ್ತು) ಇರಲಿ, ಪಿಎಚ್ 7.2, ಉಷ್ಣತೆ 30 ಡಿಗ್ರಿ. ಫಾಸ್ಫೇಟ್ ಮರೆತರೆ ಎಡಿಪಿಗೆ ಪ್ರತಿಕ್ರಿಯೆಯೇ ಬರದು. ಇಲಿಯ ಯಕೃತ್ತಿನ ಮೈಟೋಕಾಂಡ್ರಿಯಾ ಮಿಲಿಲೀಟರಿಗೆ 0.5 ಮಿಲಿಗ್ರಾಂ ಪ್ರೋಟೀನ್ ಸಾಕು.

1. ಎಲೆಕ್ಟ್ರಾನ್ ಒದಗಿಸುವ ಇಂಧನವಾಗಿ ಗ್ಲುಟಮೇಟ್, ಮ್ಯಾಲೇಟ್ ತಲಾ 5 ಮಿಲಿಮೋಲಾರ್; ಬಳಿಕ 1 ಮಿಲಿಮೋಲಾರ್ ಎಡಿಪಿ. ಆಕ್ಸಿಜನ್ ಬಳಕೆಯ ವೇಗ ಜಿಗಿಯಬೇಕು. ಜಿಗಿಯದಿದ್ದರೆ ಮುಂದುವರಿಯಬೇಡಿ, ಪೊರೆ ಹರಿದಿರುವ ಸಾಧ್ಯತೆಯೇ ಹೆಚ್ಚು.

2. ಆಲಿಗೋಮೈಸಿನ್, ಮಿಲಿಲೀಟರಿಗೆ 1 ಮೈಕ್ರೋಗ್ರಾಂ. ಉಳಿಯುವ ಮಂದಗತಿ ಮುಖ್ಯವಾಗಿ ಪ್ರೋಟಾನ್ ಸೋರಿಕೆಯದು.

3. ಎಫ್‌ಸಿಸಿಪಿಯನ್ನು 0.1 ಮೈಕ್ರೋಮೋಲಾರ್‌ನಂತೆ ಸ್ವಲ್ಪಸ್ವಲ್ಪವಾಗಿ ಹಾಕಿ. ಇದು ಪ್ರೋಟಾನನ್ನು ಪೊರೆ ದಾಟಿಸಿ ಒಳಗೆ ತರುತ್ತದೆ. ಒತ್ತಡ ಇಲ್ಲವಾಗುತ್ತದೆ, ಉಸಿರಾಟ ಗರಿಷ್ಠಕ್ಕೇರುತ್ತದೆ. ಏರಿಕೆ ನಿಂತ ಕಡೆ ನಿಲ್ಲಿಸಿ. ಅತಿಯಾದರೆ ಉಸಿರಾಟವೇ ಕುಗ್ಗುತ್ತದೆ. ಎಫ್‌ಸಿಸಿಪಿ ಮೊದಲು, ಆಲಿಗೋಮೈಸಿನ್ ಆಮೇಲೆ ಹಾಕಿದವರಿಗೆ ಆಲಿಗೋಮೈಸಿನ್‌ನ ಪರಿಣಾಮ ಕಾಣುವುದೇ ಇಲ್ಲ.

4. ರೊಟೆನೋನ್ 1 ಮೈಕ್ರೋಮೋಲಾರ್. ಕಾಂಪ್ಲೆಕ್ಸ್ 1 ನಿಂತಿತು. ಈಗ 10 ಮಿಲಿಮೋಲಾರ್ ಸಕ್ಸಿನೇಟ್ ಹಾಕಿದರೆ ಪ್ರೋಟಾನ್ ಪಂಪ್ ಮಾಡದ ಕಾಂಪ್ಲೆಕ್ಸ್ 2ರ ಮೂಲಕ ಉಸಿರಾಟ ಮರಳುತ್ತದೆ. ಆದರೆ ಜೋಡಿ ಎಲೆಕ್ಟ್ರಾನ್‌ಗೆ ಹೊರಹೋಗುವ ಪ್ರೋಟಾನ್ 10ರ ಬದಲು 6 ಮಾತ್ರ.

5. ಆಂಟಿಮೈಸಿನ್ ಎ 1 ಮೈಕ್ರೋಮೋಲಾರ್; ಕಾಂಪ್ಲೆಕ್ಸ್ 3 ಬಂದ್. ಆಸ್ಕಾರ್ಬೇಟ್ 2 ಮಿಲಿಮೋಲಾರ್, ಎಲೆಕ್ಟ್ರಾನ್ ಸಾಗಿಸುವ ವಸ್ತುವಾದ ಟಿಎಂಪಿಡಿ 0.2 ಮಿಲಿಮೋಲಾರ್ ಹಾಕಿದರೆ ಕಾಂಪ್ಲೆಕ್ಸ್ 4 ಒಂಟಿಯಾಗಿ ಓಡುತ್ತದೆ. ಕೊನೆಗೆ ಅದನ್ನೂ ನಿಲ್ಲಿಸಲು 1 ಮಿಲಿಮೋಲಾರ್ ಸಯನೈಡ್. ಅದರ ನಂತರವೂ ಉಳಿಯುವ ವೇಗ ಟಿಎಂಪಿಡಿಯ ಸ್ವಯಂ ಉತ್ಕರ್ಷಣೆ; ಕಳೆಯಿರಿ. ಸಯನೈಡ್ ದ್ರಾವಣಕ್ಕೆ ಆಮ್ಲ ತಗಲಿದರೆ ಮಾರಕ ಅನಿಲ ಏಳುತ್ತದೆ, ಆದ್ದರಿಂದ ಫ್ಯೂಮ್ ಹುಡ್‌ನಲ್ಲೇ ಕೆಲಸ.

ನಡುವೆ ಚೇಂಬರಿನ ಆಕ್ಸಿಜನ್ ಮುಗಿದರೂ ದಾಖಲಾಗುವ ಗೆರೆ ಸಮತಟ್ಟಾಗುತ್ತದೆ. ಅದನ್ನು ತಡೆ ಎಂದು ಓದಬೇಡಿ. ಒತ್ತಡವನ್ನೇ ನೇರವಾಗಿ ನೋಡಲು ಸಫ್ರಾನಿನ್ ಎಂಬ ಬಣ್ಣದ ಪ್ರತಿದೀಪ್ತಿ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಎಟಿಪಿ ಇದ್ದು ಆಲಿಗೋಮೈಸಿನ್ ಇಲ್ಲದಿದ್ದರೆ, ರೊಟೆನೋನ್ ಹಾಕಿದ ಮೇಲೂ ಸಿಂಥೇಸ್ ಹಿಮ್ಮುಖವಾಗಿ ತಿರುಗಿ ಪ್ರೋಟಾನ್ ಹೊರದಬ್ಬಿ ಒತ್ತಡವನ್ನು ಉಳಿಸುತ್ತದೆ.

ರೊಟೆನೋನ್, ಆಲಿಗೋಮೈಸಿನ್ ಚೇಂಬರಿನ ಗೋಡೆಗೂ ಕಲಕುಕಡ್ಡಿಗೂ ಅಂಟಿಕೊಳ್ಳುತ್ತವೆ. ಮುಂದಿನ ಮಾದರಿ ಮೊದಲಿನಿಂದಲೇ ಮಂದವಾಗಿದ್ದರೆ ಮೈಟೋಕಾಂಡ್ರಿಯಾವನ್ನು ದೂರುವ ಮೊದಲು ಎಥನಾಲ್‌ನಿಂದ ಮೂರು ಬಾರಿ, ನೀರಿನಿಂದ ಹಲವು ಬಾರಿ ತೊಳೆದು ಮತ್ತೆ ಅಳೆಯಿರಿ.