ಡೇಕೇರ್‌ನಲ್ಲಿ ಮಗುವಿಗೆ ಪೆಟ್ಟಾದರೆ

ಮೊದಲು ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿಕೊಳ್ಳಿ. ಗಾಯದ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಜಗಳ ಆಮೇಲೆ. ಸಿಸಿಟಿವಿ ರೆಕಾರ್ಡಿಂಗ್ ಅಳಿಸಬೇಡಿ ಅಂತ ಡೇಕೇರ್‌ನವರಿಗೆ ಅವತ್ತೇ ಬರೆದು ಕೊಡಿ. ಸಾಮಾನ್ಯವಾಗಿ ಹಳೆಯದರ ಮೇಲೆ ಹೊಸದು ತಾನಾಗಿಯೇ ರೆಕಾರ್ಡ್ ಆಗುತ್ತದೆ, ತಡವಾದರೆ ತನಿಖೆಗೆ ಬಂದವರಿಗೂ ಏನೂ ಸಿಗುವುದಿಲ್ಲ.

ಮಗುವನ್ನು "ಟೀಚರ್ ಹೊಡೆದರಾ?" ಅಂತ ಮಾತ್ರ ಕೇಳಬೇಡಿ. ಚಿಕ್ಕ ಮಕ್ಕಳು ಯಾವುದಕ್ಕೂ ಹೂಂ ಅಂದುಬಿಡುತ್ತವೆ, ಅಲ್ವಾ? "ಏನಾಯ್ತು ಪುಟ್ಟಾ?" ಅಂದು ಸುಮ್ನೆ ಕೂತುಕೊಳ್ಳಿ. ಕಷ್ಟವೇ, ಆದರೂ ಕೂತುಕೊಳ್ಳಿ. ಅದು ಹೇಳಿದ ಮಾತನ್ನು ಹಾಗೆಯೇ ಬರೆದಿಡಿ.

ಓಡಾಡುವ ಮಕ್ಕಳಿಗೆ ಮೊಣಕಾಲು, ಹಣೆಗೆ ಪೆಟ್ಟಾಗುವುದು ಮಾಮೂಲು. ಕಿವಿ, ಕತ್ತು, ಹೊಟ್ಟೆಯ ಮೇಲೆ ರಕ್ತ ಹೆಪ್ಪುಗಟ್ಟಿದ ಗುರುತಿದ್ದರೆ ತಡ ಮಾಡದೆ ದೂರು ಕೊಡಿ.