"ಹೋಯ್ತು" ಅಂತ ತಂದ ಆಂಪ್‌ಗಳು

ಕಳೆದ ಆಟಿ ತಿಂಗಳ ಒಂದು ಸಂಜೆ. ಹೊರಗೆ ಕೊಡೆ ನಿಲ್ಲದಷ್ಟು ಮಳೆ. ನನ್ನ ಹತ್ತಿರ ಗಿಟಾರ್ ಕಲಿಯುವ ಹುಡುಗನೊಬ್ಬ ಅಪ್ಪನ ಜೊತೆ ಬಂದ. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹತ್ತು ವ್ಯಾಟ್‌ನ ಆಂಪ್, ಅಂದರೆ ಗಿಟಾರಿನ ಶಬ್ದ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ.

"ಮಾಸ್ಟ್ರೇ, ಇದು ಹೋಯ್ತು. ತೆಗೆದು ಒಂದು ವರ್ಷ ಆದದ್ದಷ್ಟೆ. ಕಮ್ಮಿದು ತೆಗೊಂಡರೆ ಹೀಗೆಯೇ ಅಲ್ವಾ?"

"ಎಂತ ಆಗ್ತದೆ?"

"ಲೈಟ್ ಉರಿತದೆ, ಶಬ್ದ ಇಲ್ಲ."

ಲೈಟ್ ಉಂಟು, ಶಬ್ದ ಇಲ್ಲ ಅಂದರೆ ನನಗೆ ಅರ್ಧ ನೆಮ್ಮದಿ. ಒಂದು ಹೆಡ್‌ಫೋನ್ ಪ್ಲಗ್ ತಂದು ಅದರ ಹೆಡ್‌ಫೋನ್ ಜ್ಯಾಕ್‌ಗೆ ಹತ್ತಿಪ್ಪತ್ತು ಸಲ ಹಾಕಿ ತೆಗೆದೆ. ಸ್ಪೀಕರ್ ಎರಡು ಸಲ ಕೆಮ್ಮಿತು. ಆಮೇಲೆ ಹುಡುಗ ಸ್ಟ್ರಿಂಗ್ ಎಳೆದದ್ದೇ ಗಟ್ಟಿಯಾಗಿ ಕೇಳಿತು. ಅಪ್ಪ ಮಗ ಮುಖ ಮುಖ ನೋಡಿಕೊಂಡರು.

ಇದರಲ್ಲಿ ಮಂತ್ರ ಎಂತದೂ ಇಲ್ಲ. ಎಷ್ಟೋ ಸಣ್ಣ ಆಂಪ್‌ಗಳಲ್ಲಿ ಸ್ಪೀಕರಿಗೆ ಹೋಗುವ ದಾರಿ ಹೆಡ್‌ಫೋನ್ ಜ್ಯಾಕ್‌ನ ಒಳಗಿಂದಲೇ ಹಾದುಹೋಗುತ್ತದೆ. ಜ್ಯಾಕ್‌ನೊಳಗೆ ಒಂದು ತಗಡಿನ ಎಲೆ ಉಂಟು. ಪ್ಲಗ್ ಹಾಕಿದರೆ ಎಲೆ ಎದ್ದು ಸ್ಪೀಕರ್ ಬಂದ್. ತೆಗೆದರೆ ಎಲೆ ಕೂತು ಸ್ಪೀಕರ್ ಚಾಲೂ. ಹೆಡ್‌ಫೋನನ್ನು ಯಾರೂ ಹಾಕದೇ ಇದ್ದರೆ ಆ ಎಲೆ ವರ್ಷಗಟ್ಟಲೆ ಕೂತಲ್ಲೇ ಕೂತಿರುತ್ತದೆ. ನಮ್ಮ ಕಡಲಗಾಳಿಗೆ ಅದರ ಮೇಲೆ ಕಿಲುಬು ಹಿಡಿಯುತ್ತದೆ. ಶಬ್ದ ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ದೊಡ್ಡ ಆಂಪ್‌ಗಳ ಹಿಂದೆ ಇರುವ ಎಫೆಕ್ಟ್ಸ್ ಲೂಪ್‌ನದ್ದೂ (ಶಬ್ದ ಬದಲಿಸುವ ಪೆಡಲ್‌ಗಳನ್ನು ನಡುವೆ ಸೇರಿಸಲು ಇರುವ ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್) ಇದೇ ಕಥೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿ ನೋಡಿ. ಶಬ್ದ ಬಂದರೆ ಕಳ್ಳ ಸಿಕ್ಕಿದ ಅಂತ ಲೆಕ್ಕ.

ನಾನು ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದವನು. ಡಬ್ಬಿ ಟಿವಿಗಳ ಕಾಲ ಮುಗಿದ ಮೇಲೆ ಮಂಗಳೂರಿನಲ್ಲೇ ಗಿಟಾರ್ ಕ್ಲಾಸ್ ಶುರು ಮಾಡಿದೆ. ಬೆಸುಗೆ ಹಾಕುವ ಕಡ್ಡಿ ಮಾತ್ರ ಕೈಬಿಡಲಿಲ್ಲ. ಈಗ ಜಗಲಿಯ ಮೇಜಿನ ಮೇಲೆ ಒಂದಲ್ಲ ಒಂದು ಆಂಪ್ ಹೊಟ್ಟೆ ತೆರೆದುಕೊಂಡು ಮಲಗಿರುತ್ತದೆ. ಇಗರ್ಜಿಯ ಗಾಯನ ತಂಡದ್ದು, ಕಾಲೇಜು ಹುಡುಗರದ್ದು, ಮದುವೆ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ನುಡಿಸುವವರದ್ದು. ಒಂದರೊಳಗೆ ತೆಂಗಿನ ಹಾಲು ಹೋಗಿತ್ತು. ಅದರ ವಾಸನೆ ಮಾತ್ರ ಕೇಳಬೇಡಿ.

ಅಗ್ಗದ ಆಂಪ್ ಅಂದರೆ ಕಳಪೆ ಅಂತ ನಾನೂ ನಂಬಿದ್ದೆ. ಬಿಚ್ಚಿ ನೋಡಲು ಶುರು ಮಾಡಿದ ಮೇಲೆ ಆ ನಂಬಿಕೆ ಸ್ವಲ್ಪ ಸ್ವಲ್ಪವೇ ಸಡಿಲ ಆಯಿತು. ಯಾಕೆಂದರೆ ಒಳಗೆ ಇದ್ದದ್ದು ನನ್ನ ಹಳೇ ಗೆಳೆಯರೇ. ಶಬ್ದ ದೊಡ್ಡದು ಮಾಡುವ ಟಿಡಿಎ 2030 ಎನ್ನುವ ಐದು ಕಾಲಿನ ಐಸಿಯನ್ನು (ಚಿಪ್) ಟಿವಿ, ಟೇಪ್ ರೆಕಾರ್ಡರ್ ಕಾಲದಿಂದ ನೋಡಿದ್ದೇನೆ. ಗಟ್ಟಿ ಜೀವ. ಔಟ್‌ಪುಟ್ ಶಾರ್ಟ್ ಆದರೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ, ಬಿಸಿ ಮೀರಿದರೆ ತಾನೇ ಸುಮ್ಮನಾಗುತ್ತದೆ.

ಹೀಗೆ ಸುಮ್ಮನಾಗುವುದನ್ನೂ ಜನ "ಕೆಟ್ಟಿತು" ಅಂತಲೇ ತಿಳಿಯುತ್ತಾರೆ. ಉಡುಪಿ ಕಡೆಯ ಒಂದು ಬ್ಯಾಂಡ್‌ನವರ ಆಂಪ್ ಮುಕ್ಕಾಲು ಗಂಟೆ ನುಡಿಸಿದರೆ ಬಂದ್. ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಮಾರಿಬಿಡುವ ಆಲೋಚನೆಯಲ್ಲಿದ್ದರು. ಬಿಚ್ಚಿದರೆ ಐಸಿಯನ್ನು ಅದರ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್‌ಗೆ ಬಿಗಿದ ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು. ನಡುವಿನ ಬಿಳಿ ಪೇಸ್ಟ್ ಒಣಗಿ ಸುಣ್ಣದ ಪುಡಿ ಹಾಗೆ ಉದುರಿತು. ಹೊಸ ಪೇಸ್ಟ್ ಹಚ್ಚಿ ಸ್ಕ್ರೂ ಬಿಗಿದೆ, ಅಷ್ಟೇ.

ಹಾಗಾದರೆ ನಿಜವಾಗಿ ಕೆಡುವುದು ಎಂತದು? ನನ್ನ ಮೇಜಿನ ಲೆಕ್ಕದಲ್ಲಿ, ಕೈ ತಾಗುವ ಜಾಗಗಳು. ಜ್ಯಾಕ್, ವಾಲ್ಯೂಮ್ ತಿರುಗಿಸುವ ಪಾಟ್, ಸ್ವಿಚ್. ಅದರಲ್ಲೂ ಗಿಟಾರ್ ಕೇಬಲ್ ಹಾಕುವ ಜ್ಯಾಕ್. ದುಡ್ಡು ಉಳಿಸಲು ಪ್ಲಾಸ್ಟಿಕ್ ಜ್ಯಾಕನ್ನು ನೇರವಾಗಿ ಒಳಗಿನ ಸರ್ಕಿಟ್ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಕೇಬಲ್‌ಗೆ ಯಾರೋ ಎಡವಿದರೆ ಆ ಎಳೆತವೆಲ್ಲ ಬೆಸುಗೆಯ ಮೇಲೆ. ಬೋರ್ಡ್ ತಿರುಗಿಸಿ, ಮೊಬೈಲ್ ಕ್ಯಾಮರಾ ಝೂಮ್ ಮಾಡಿ ನೋಡಿ. ಜ್ಯಾಕ್‌ನ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಉಂಗುರ ಕಾಣುತ್ತದೆ. ಅದೇ ಬಿರುಕು. ಪ್ಲಗ್ ಅಲ್ಲಾಡಿಸಿದರೆ "ಕರಕರ" ಬರುವುದು ಅಲ್ಲಿಂದ. ಹಳೇ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದರೆ ಸರಿ ಆಗುತ್ತದೆ, ಆದರೆ ಮುಂದಿನ ಎಡವಿನವರೆಗೆ ಮಾತ್ರ. ನಾನು ಹಂಪನಕಟ್ಟೆಯಿಂದ ಲೋಹದ ಜ್ಯಾಕ್ ತಂದು, ಆಂಪ್‌ನ ತಗಡಿಗೇ ನಟ್ ಹಾಕಿ ಬಿಗಿದು, ಬೋರ್ಡಿಗೆ ಎರಡು ವಯರ್ ಎಳೆಯುತ್ತೇನೆ. ಎಳೆತ ತಗಡಿನ ಮೇಲೆ ಬೀಳುತ್ತದೆ, ಬೋರ್ಡ್ ಆರಾಮ. ಕೇಬಲನ್ನು ಆಂಪ್‌ನ ಹಿಡಿಯೊಳಗೆ ಒಂದು ಸುತ್ತು ತಂದು ಆಮೇಲೆ ಚುಚ್ಚಿದರೆ ಈ ರಿಪೇರಿಯೇ ಬೇಡ.

ಪಾಟ್‌ಗಳದ್ದು ಮಳೆಗಾಲದ ಕಾಯಿಲೆ. ತಿರುಗಿಸಿದರೆ ಹುರಿಗಡಲೆ ಹುರಿದ ಹಾಗೆ ಶಬ್ದ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಹೆಚ್ಚಿನವು ಸರಿ ಆಗುತ್ತವೆ. ದಯವಿಟ್ಟು ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಹೊಡೆಯಬೇಡಿ. ಅದರ ಜಿಡ್ಡು ಅಲ್ಲೇ ಉಳಿದು ಧೂಳು ಹಿಡಿಸುತ್ತದೆ.

ಇನ್ನು, ಅಗ್ಗದ ಆಂಪ್‌ಗೆ ಬಂದ ಕೆಟ್ಟ ಹೆಸರು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ಕಡೆ ಅದು ನ್ಯಾಯವೇ. ಒಂದು ಆಂಪ್‌ನಲ್ಲಿ ಇದೇ ಟಿಡಿಎ 2030 ಐಸಿ ಸೀಳಿ ಹೋಗಿತ್ತು. ಮನೆಯಲ್ಲಿ ಎರಡು ವರ್ಷ ಚೆನ್ನಾಗಿಯೇ ಇದ್ದದ್ದು. ಮದುವೆಯ ಚಪ್ಪರದಲ್ಲಿ ಜನರೇಟರ್‌ಗೆ ಹಾಕಿದ ದಿನ ಹೋಯಿತು. ಹೊಸ ಐಸಿ ಹಾಕಿ ಮನೆಯ ಕರೆಂಟಿನಲ್ಲಿ ಅಳೆದೆ. ಐಸಿಗೆ ಪ್ಲಸ್ 17, ಮೈನಸ್ 17 ವೋಲ್ಟ್ ಸಿಗುತ್ತಿತ್ತು. ಆ ಐಸಿಯ ಗರಿಷ್ಠ ಮಿತಿ 18. ಅಂದರೆ ಇದ್ದ ಅವಕಾಶ ಒಂದೇ ವೋಲ್ಟ್. ಚಪ್ಪರದ ದೊಡ್ಡ ದೀಪಗಳನ್ನು ಒಟ್ಟಿಗೆ ಆರಿಸಿದಾಗ ಜನರೇಟರ್ ಒಮ್ಮೆ ಜಿಗಿಯುತ್ತದೆ. 230 ಇದ್ದದ್ದು 265 ಆದರೆ ಒಳಗಿನ 17 ಹೆಚ್ಚುಕಡಿಮೆ ಹತ್ತೊಂಬತ್ತೂವರೆ ಆಗುತ್ತದೆ. ಪಾಪ, ಐಸಿ ಎಂತ ಮಾಡುತ್ತದೆ? 22 ವೋಲ್ಟ್ ತಡೆಯುವ ಅದರ ಅಣ್ಣ ಟಿಡಿಎ 2030ಎ ಹಾಕಿ ಕೊಟ್ಟೆ. ಅಗ್ಗ ಮಾಡುವಾಗ ಮೊದಲು ಕತ್ತರಿ ಬೀಳುವುದು ಈ ಹೆಚ್ಚುವರಿ ಅವಕಾಶಕ್ಕೆ. ಮನೆಯಲ್ಲಿ ನುಡಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ. ಚಪ್ಪರಕ್ಕೆ ಹೋಗುವವನು ಒಂದು ಸ್ಟೆಬಿಲೈಸರ್ ಜೊತೆಗೆ ಹೊತ್ತುಕೊಂಡು ಹೋಗುವುದು ವಾಸಿ.

ಚಪ್ಪರದ ಇನ್ನೊಂದು ದೂರು, ಶಾಕ್. ಸ್ಟ್ರಿಂಗ್ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ಜುಂ ಅನ್ನುತ್ತದೆ. ಬೈಗುಳ ಆಂಪ್‌ಗೆ. ನೋಡಿದರೆ ಹೆಚ್ಚಿನ ಸಲ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡ್, ಅರ್ತ್ ಇಲ್ಲವೇ ಇಲ್ಲ. ಇದನ್ನು ತಮಾಷೆ ಮಾಡಬೇಡಿ, ಜೀವ ಹೋಗುವ ವಿಷಯ. ಅರ್ತ್ ಸರಿ ಇಲ್ಲದ ಕಡೆ ನಾನು ಗಿಟಾರ್ ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ.

ದುಬಾರಿಯವು ಕೆಡುವುದಿಲ್ಲವಾ? ಗೆಳೆಯರೊಬ್ಬರ ವಾಲ್ವ್ ಆಂಪ್ (ಐಸಿಯ ಬದಲು ಗಾಜಿನ ವಾಲ್ವ್‌ಗಳಿಂದ ನಡೆಯುವುದು) ಉಂಟು, ಬೆಲೆ ಒಂದು ಹಳೇ ಸ್ಕೂಟರಿನಷ್ಟು. ಅದರ ಇಎಲ್ 84 ವಾಲ್ವ್‌ಗಳನ್ನು ಎರಡು ಸಲ ಬದಲಿಸಿದ್ದೇವೆ. ಅದನ್ನು ಅವರು "ಸರ್ವಿಸ್" ಅನ್ನುತ್ತಾರೆ. ಹತ್ತು ವ್ಯಾಟ್‌ನದ್ದಕ್ಕೆ ಒಂದು ಜ್ಯಾಕ್ ಹಾಕಿದರೆ ಮಾತ್ರ "ಕಳಪೆ ಮಾಲು". ಇನ್ನೊಬ್ಬರ ಅಳಿಯ ಅಮೆರಿಕದಿಂದ ಒಳ್ಳೆಯ ಆಂಪ್ ತಂದರು. ಅದು 120 ವೋಲ್ಟಿನದ್ದು. ಹಿಂದಿನ ಚೀಟಿ ಓದದೆ ನಮ್ಮ 230ಕ್ಕೆ ಹಾಕಿದರು. ಒಂದು ನಿಮಿಷ ಕೂಡ ನಿಲ್ಲಲಿಲ್ಲ. ಅದರ ಬೆಲೆ ಅದನ್ನು ಕಾಪಾಡಲಿಲ್ಲ.

ನನಗೆ ಅನ್ನಿಸುವುದು ಇಷ್ಟೇ. ಬೆಲೆಬಾಳುವ ಆಂಪ್ ಕೆಟ್ಟರೆ ಯಾರೂ ಬಿಸಾಡುವುದಿಲ್ಲ. ಬೆಂಗಳೂರಿಗಾದರೂ ಕಳುಹಿಸಿ ಸರಿ ಮಾಡಿಸುತ್ತಾರೆ. ಹತ್ತು ವರ್ಷ ಕಳೆದು ನೋಡಿದರೆ ಅದು ಇನ್ನೂ ಉಂಟು. ಐದಾರು ಸಾವಿರದ್ದು ಕೆಟ್ಟರೆ ರಿಪೇರಿಗೆ ಒಂದೂವರೆ ಸಾವಿರ ಕೇಳುತ್ತಾರೆ. "ಹೊಸದೇ ತೆಗೊಳ್ಳುವ" ಅಂತ ಗುಜರಿಗೆ. ಸತ್ತದ್ದಕ್ಕಿಂತ ಜೀವ ಇದ್ದಾಗಲೇ ಎಸೆದದ್ದು ಜಾಸ್ತಿ. ಗುಜರಿಯಿಂದ ನಾನು ತಂದ ಮೂರು ಆಂಪ್‌ಗಳಲ್ಲಿ ಎರಡಕ್ಕೆ ಬೇಕಾದದ್ದು ಬರೀ ಬೆಸುಗೆ. ಮೂರನೆಯದರಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು.

ನಿಮ್ಮದನ್ನು ನೀವೇ ನೋಡಬೇಕು ಅಂತಿದ್ದರೆ ಮೊದಲು ಬೇರೆ ಗಿಟಾರ್ ಕೇಬಲ್ ಹಾಕಿ ನೋಡಿ. ನನ್ನಲ್ಲಿಗೆ ಬರುವ ಎಷ್ಟೋ ಆಂಪ್‌ಗಳಲ್ಲಿ ಕೆಟ್ಟಿರುವುದು ಕೇಬಲ್. ಬಿಚ್ಚುವ ಮೊದಲು ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಸ್ಪೀಕರಿನ ಒಂದು ವಯರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. ಎಂಟು ಓಮ್‌ನದ್ದಾದರೆ ಆರು, ಏಳು ತೋರಿಸಬೇಕು. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸನ್ನೂ ನಾನು ಕಂಡಿದ್ದೇನೆ ಮಾರಾಯ್ರೆ. ವಾಲ್ವ್ ಆಂಪ್ ಆದರೆ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್ ಕಾದು ಕೂತಿರಬಹುದು.

ಆ ಹುಡುಗನ ಆಂಪ್ ಎರಡು ವಾರ ಬಿಟ್ಟು ಮತ್ತೆ ಮೂಕವಾಯಿತು. ಅದೇ ಅಳತೆಯ ಜ್ಯಾಕ್ ಸಿಗಲಿಲ್ಲ. ಹಾಗಾಗಿ ಜ್ಯಾಕ್‌ನ ಎಲೆಯನ್ನೇ ಬಿಟ್ಟು ಸ್ಪೀಕರಿಗೆ ನೇರ ವಯರ್ ಎಳೆದು ಕೊಟ್ಟೆ. ಈಗ ಒಂದು ವರ್ಷ ಆಗುತ್ತಾ ಬಂತು, ಚೆನ್ನಾಗಿ ನಡೆಯುತ್ತಿದೆ. ಹೆಡ್‌ಫೋನ್ ಹಾಕಿದರೂ ಸ್ಪೀಕರ್ ಮಾತ್ರ ನಿಲ್ಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅವನ ಅಮ್ಮ ಒಮ್ಮೆ ಫೋನ್ ಮಾಡಿದ್ದರು. "ಮಾಸ್ಟ್ರೇ, ಇದನ್ನು ಮೊದಲಿನ ಹಾಗೆ ಮಾಡಿ ಕೊಡ್ಲಿಕ್ಕೆ ಆಗ್ತದಾ?"